ದೊಡ್ಡಪ್ಪನ 1965ರ ಬೀಟಲ್ ರೆಸ್ಟೋರ್ ಮಾಡ್ಬೇಕು, ಎಲ್ಲಿಂದ ಶುರು ಮಾಡ್ಲಿ?

ತೋಟದಮನೆ_ಮೈಸೂರು ಬರೆದದ್ದು:

ಎಲ್ರಿಗೂ ನಮಸ್ಕಾರ. ಚಿಕ್ಕಮಗಳೂರು ಕಡೆ ನಮ್ಮ ದೊಡ್ಡಪ್ಪನ ತೋಟದ ಮನೇಲಿ ಒಂದು ಫೋಕ್ಸ್‌ವ್ಯಾಗನ್ ಬೀಟಲ್ ಇದೆ, ಆರ್‌ಸಿ ಪ್ರಕಾರ 1965, 1200 ಸಿಸಿ, ಎಂವೈ ಅಂತ ಶುರುವಾಗೋ ಹಳೇ ಮೈಸೂರು ರಾಜ್ಯದ ನಂಬರ್ ಪ್ಲೇಟು ಇನ್ನೂ ಹಾಗೇ ಇದೆ. ದೊಡ್ಡಪ್ಪ ತೀರಿಹೋದ್ಮೇಲೆ ಯಾರೂ ಓಡಿಸ್ಲಿಲ್ಲ, ಕಾಫಿ ಒಣಗಿಸೋ ಕಣದ ಪಕ್ಕದ ಶೆಡ್ಡಲ್ಲಿ ನಿಂತೇ ಇತ್ತು, ಅಣ್ಣ (ದೊಡ್ಡಪ್ಪನ ಮಗ, ಅಮೆರಿಕದಲ್ಲಿದಾನೆ) ನೀನೇ ತಗೊಂಡು ಏನಾದ್ರೂ ಮಾಡು ಗುಜರಿಗೆ ಮಾತ್ರ ಹಾಕ್ಬೇಡ ಅಂದಿದಾನೆ. ಲಾರಿ ಮೇಲೆ ಹಾಕಿಸ್ಕೊಂಡು ಮೈಸೂರಿಗೆ ತಂದಿದೀನಿ.

ಸ್ಥಿತಿ ಹೇಳ್ಬೇಕಂದ್ರೆ, ಮೇಲಿಂದ ನೋಡಿದ್ರೆ ಪರ್ವಾಗಿಲ್ಲ, ಮಡ್‌ಗಾರ್ಡು ನಾಲ್ಕೂ ಇದೆ, ಗ್ಲಾಸು ಎಲ್ಲಾ ಇದೆ, ಆದ್ರೆ ಹಿಂದಿನ ಸೀಟು ಎತ್ತಿದ್ರೆ ಬ್ಯಾಟರಿ ಇಡೋ ಜಾಗದಲ್ಲಿ ನೆಲ ಕಾಣ್ತಾ ಇದೆ. ಬಾಗಿಲ ಕೆಳಗಿನ ಉದ್ದ ಪಟ್ಟಿ ಬೆರಳಲ್ಲಿ ಒತ್ತಿದ್ರೆ ಒಳಗೆ ಹೋಗತ್ತೆ. ಎಂಜಿನ್ ತಿರುಗತ್ತೋ ಇಲ್ವೋ ಇನ್ನೂ ನೋಡಿಲ್ಲ, ಬ್ಯಾಟರಿ 6 ವೋಲ್ಟಂತೆ, ಅಂಗಡೀಲಿ ಕೇಳಿದ್ರೆ ಮುಖ ನೋಡ್ತಾರೆ. ಬಣ್ಣ ಈಗ ಯಾವುದೋ ಮೆರೂನ್, ಒಳಗೆ ಅಲ್ಲಲ್ಲಿ ನೀಲಿ ಕಾಣತ್ತೆ.

ನನ್ನ ತಲೇಲಿರೋದು: ಮ್ಯಾಟ್ ಬ್ಲ್ಯಾಕ್ ಪೇಂಟ್, ಗಾಡಿ ಸ್ವಲ್ಪ ಕೆಳಗಿಳಿಸೋದು, 17 ಇಂಚು ಅಲಾಯ್, ಒಳ್ಳೆ ಮ್ಯೂಸಿಕ್ ಸಿಸ್ಟಮ್, ಸಾಧ್ಯ ಆದ್ರೆ ಏಸಿ. ಮಡಿಕೇರಿ ತನಕ ಮನೆಯವ್ರನ್ನ ಕೂರಿಸ್ಕೊಂಡು ಹೋಗಿ ಬರೋ ಹಾಗಿರ್ಬೇಕು. ಶ್ರೀರಂಗಪಟ್ಟಣದ ಹತ್ರ ಪಯಣ ಮ್ಯೂಸಿಯಂ ನೋಡ್ಕೊಂಡು ಬಂದ್ಮೇಲೆ ಮಾತ್ರ ಮನಸ್ಸು ಎರಡಾಗಿದೆ, ಅಲ್ಲಿ ಹಳೇ ಗಾಡಿಗಳನ್ನ ಎಷ್ಟು ಚೆನ್ನಾಗಿ ಇಟ್ಟಿದಾರೆ ಅಂದ್ರೆ ಇದನ್ನೂ ಇದ್ದ ಹಾಗೇ ಮಾಡ್ಬೇಕಾ ಅಂತಾನೂ ಅನ್ಸತ್ತೆ. ಎಲ್ಲಿಂದ ಶುರು ಮಾಡ್ಲಿ, ಮೊದ್ಲು ಯಾವುದಕ್ಕೆ ದುಡ್ಡು ಹಾಕ್ಲಿ, ತಿಳಿದೋರು ದಯವಿಟ್ಟು ಹೇಳಿ.

ಏರ್‌ಕೂಲ್ಡ್_ಬಸವನಗುಡಿ ಬರೆದದ್ದು:

ಮೊದಲನೇ ಮಾತು, ಗಾಡಿಯಿಂದ ಒಂದು ಸ್ಕ್ರೂನೂ ಬಿಸಾಕ್ಬೇಡಿ. ತುಕ್ಕು ತಿಂದಿರೋ ಹ್ಯಾಂಡಲ್ಲು, ಒಡೆದಿರೋ ಲೈಟಿನ ಗ್ಲಾಸು, ಹರಿದಿರೋ ರಬ್ಬರು, ಎಲ್ಲಾ ಡಬ್ಬಕ್ಕೆ ಹಾಕಿ ಹೆಸರು ಬರೆದಿಡಿ. ಯಾಕಂದ್ರೆ ನಮ್ಮ ದೇಶದಲ್ಲಿ ಈ ಗಾಡಿ ತಯಾರಾಗಿದ್ದಲ್ಲ, ಆ ಕಾಲಕ್ಕೆ ಹೊರಗಿಂದ ಬಂದಿದ್ದು ಬೆರಳೆಣಿಕೆ, ಬೆಂಗಳೂರಿನ ಜೆ.ಸಿ. ರೋಡಲ್ಲಿ ಹುಡುಕಿದ್ರೆ ಸಿಗೋ ಸಾಮಾನಲ್ಲ. ಜರ್ಮನಿಯಿಂದ ಹೊಸದು ತರಿಸ್ಬಹುದು, ಆದ್ರೆ ಇವತ್ತು ತಯಾರಾಗೋ ಡೋರ್ ರಬ್ಬರು ಬಂಪರು ಎಷ್ಟೋ ಸಲ ಸರಿಯಾಗಿ ಕೂರೋದೇ ಇಲ್ಲ, ಹಳೇ ಜರ್ಮನ್ ತಗಡು ಬಡಿದು ನೇರ ಮಾಡಿದ್ರೆ ಕೂರೋ ಹಾಗೆ ಹೊಸದು ಕೂರಲ್ಲ. ನಿಮ್ಮದು ನಾಲ್ಕು ಮಡ್‌ಗಾರ್ಡೂ ಇದೆ ಅಂದ್ರಲ್ಲ, ಅದು ಭಾಗ್ಯ ಅಂದ್ಕೊಳ್ಳಿ.

ಎರಡನೇದು, ಬಣ್ಣದ ಬಗ್ಗೆ ಈಗ್ಲೇ ಯೋಚ್ನೆ ಬೇಡ, ನಿಮ್ಮ ಖರ್ಚಿನ ದೊಡ್ಡ ಪಾಲು ಕೆಳಗಡೆ ಇದೆ. ನೀವು ಬೆರಳಲ್ಲಿ ಒತ್ತಿದ್ರಲ್ಲ ಬಾಗಿಲ ಕೆಳಗೆ, ಅದು ಹೀಟರ್ ಚಾನೆಲ್. ಎಂಜಿನ್ನಿನ ಬಿಸಿ ಗಾಳಿ ಅದರೊಳಗಿಂದ ಮುಂದಕ್ಕೆ ಬರತ್ತೆ, ಅದಕ್ಕೆ ಆ ಹೆಸರು, ಆದ್ರೆ ಅದರ ಅಸಲಿ ಕೆಲಸ ಬಾಡಿಗೆ ಬಲ ಕೊಡೋದು. ಬೀಟಲ್‌ದು ಮಧ್ಯದಲ್ಲಿ ಒಂದು ಟನಲ್, ಅದರ ಎರಡೂ ಕಡೆ ತಗಡಿನ ನೆಲ, ಅದರ ಮೇಲೆ ಇಡೀ ಬಾಡಿ ಸುತ್ತಲೂ ಬೋಲ್ಟಲ್ಲಿ ಕೂತಿರತ್ತೆ, ಮಧ್ಯೆ ಒಂದು ರಬ್ಬರ್ ಪಟ್ಟಿ. ಆ ಹೀಟರ್ ಚಾನೆಲ್ ಕೊಳೆತ್ರೆ ಬಾಡಿ ಮಧ್ಯದಲ್ಲಿ ಬಾಗತ್ತೆ, ಬಾಗಿಲು ಹಾಕಿದ್ರೆ ಹಿಂದುಗಡೆ ಮೂಲೆ ಕೆಳಗೆ ಉಜ್ಜತ್ತೆ. ಟಿಂಕರ್ ಹತ್ರ ಬಿಟ್ರೆ ತಕ್ಷಣ ಎರಡೂ ಕಡೆ ಕತ್ತರಿಸಿ ಹೊಸ ತಗಡು ಹಾಕಿಬಿಡ್ತಾರೆ, ಅದು ಮಾತ್ರ ಆಗ್ಬಾರ್ದು. ಬಾಗಿಲ ಚೌಕಟ್ಟಿಗೆ ಅಡ್ಡ ಪೈಪು ವೆಲ್ಡ್ ಮಾಡಿ ಬಾಡಿ ಅಲುಗಾಡದ ಹಾಗೆ ಹಿಡಿದು, ಬಾಡಿ ನೆಲದ ಮೇಲೆ ಬೋಲ್ಟ್ ಆಗಿರೋವಾಗ್ಲೇ, ಒಂದು ಕಡೆ ಮುಗಿಸಿ ಬಾಗಿಲು ಹಾಕಿ ಗ್ಯಾಪ್ ನೋಡಿ ಆಮೇಲೆ ಇನ್ನೊಂದು ಕಡೆ. ನೆಲಕ್ಕೆ 18 ಗೇಜ್ ಶೀಟು ಸಾಕು, ಆದ್ರೆ ಚಪ್ಪಟೆ ಶೀಟು ಹಾಕಿದ್ರೆ ಮೂಲದ ಉಬ್ಬುಗೆರೆ ಹೋಗಿ ನೆಲ ಡಬಡಬ ಅನ್ನತ್ತೆ, ಆ ಗೆರೆ ಒತ್ತಿರೋ ಪ್ಯಾನೆಲ್ ತರಿಸೋದೇ ಒಳ್ಳೇದು. ತುಕ್ಕಿನ ಮೇಲೆ ಪುಟ್ಟಿ ಬಳಿದು ಮುಚ್ಚೋ ಕಡೆ ಗಾಡಿ ಬಿಡ್ಲೇಬೇಡಿ.

ಇನ್ನು ನೋಡ್ಬೇಕಾದ ಜಾಗ: ಮುಂದೆ ಸ್ಟೆಪ್ನಿ ಕೂರೋ ಗುಂಡಿ, ಹಿಂದಿನ ಬಂಪರ್ ಬ್ರಾಕೆಟ್ ಕೂರೋ ಮೂಲೆ, ಮುಂದಿನ ಆಕ್ಸಲ್ ಬೀಮ್ ಬೋಲ್ಟ್ ಆಗೋ ಫ್ರೇಮಿನ ತಲೆ. ಇದರಲ್ಲಿ ಕೊನೇದು ಕೊಳೆತಿದ್ರೆ ಅದೇ ಮೊದಲನೇ ಕೆಲಸ, ಇಡೀ ಮುಂಭಾಗ ನಿಂತಿರೋದು ಅದರ ಮೇಲೆ.

ಆಮೇಲೆ ಚಾಸಿ ನಂಬರ್ ನೋಡಿ ಹೇಳಿ, ಹಿಂದಿನ ಸೀಟು ಎತ್ತಿದ್ರೆ ಟನಲ್ ಮೇಲೆ ಕೊರೆದಿರತ್ತೆ. 1964 ಆಗಸ್ಟಿಂದ ಮೊದಲ ಮೂರು ಅಂಕಿಲಿ ಮಾಡೆಲ್ ವರ್ಷ ಗೊತ್ತಾಗತ್ತೆ, 115 ಇದ್ರೆ 1965, 116 ಇದ್ರೆ 1966. ಆರ್‌ಸಿಲಿ 1965 ಅಂತಿದ್ರೂ ಗಾಡಿ 66ರದ್ದಿರಬಹುದು, ಆಗ ಮುಂದಿನ ಸಸ್ಪೆನ್ಷನ್ನೇ ಬೇರೆ, 65ರ ತನಕ ಕಿಂಗ್ ಪಿನ್, ಆಮೇಲೆ ಬಾಲ್ ಜಾಯಿಂಟ್. ಸಾಮಾನು ಆರ್ಡರ್ ಮಾಡೋಕೆ ಮುಂಚೆ ಇದು ಗೊತ್ತಿರ್ಲೇಬೇಕು.

ಹುಬ್ಬಳ್ಳಿ_ಗ್ಯಾರೇಜು ಬರೆದದ್ದು:

ಮೇಲಿನ ಸಾಹೇಬ್ರು ಬಾಡಿ ಬಗ್ಗೆ ಹೇಳಿದ್ದು ನೂರಕ್ಕ ನೂರು ಖರೆ ಐತ್ರಿ. ನಾ ಎಂಜಿನ್ ಬಗ್ಗೆ ಹೇಳ್ತೀನಿ. ಮೊದ್ಲ ಒಂದು ಮಾತು, ಬ್ಯಾಟರಿ ಹಚ್ಚಿ ಸೆಲ್ಫ್ ಹೊಡೀಬ್ಯಾಡ್ರಿ. ಇಷ್ಟು ವರ್ಷ ನಿಂತ ಎಂಜಿನ್ನಾಗ ರಿಂಗ್ ಸಿಲಿಂಡರ್‌ಗೆ ಹಿಡಕೊಂಡಿರ್ತಾವು, ಜೋರ್ ಮಾಡಿದ್ರ ರಿಂಗ್ ಮುರೀತಾವು. ನಾಲ್ಕೂ ಪ್ಲಗ್ ತಗದು ಒಳಗ ಡೀಸಲ್ ಮತ್ತ ಗೇರ್ ಆಯಿಲ್ ಕೂಡಿಸಿ ಸ್ವಲ್ಪ ಸ್ವಲ್ಪ ಹಾಕಿ ನಾಲ್ಕೈದು ದಿನ ಬಿಡ್ರಿ. ಆಮ್ಯಾಲ ಕೆಳಗಿನ ದೊಡ್ಡ ಪುಲ್ಲಿ ಬೋಲ್ಟಿಗೆ 30ರ ಪಾನಾ ಹಾಕಿ ಕೈಲೆ ನಿಧಾನ ತಿರುಗಿಸ್ರಿ. ತಿರುಗಿದ್ರ ಅದೇ ಪುಲ್ಲಿ ಎರಡೂ ಕೈಲೆ ಹಿಡದು ಹಿಂದ ಮುಂದ ಎಳದು ನೋಡ್ರಿ. ಕ್ರ್ಯಾಂಕಿಗೆ ಇರಬೇಕಾದ ಆಟ 0.07ರಿಂದ 0.13 ಎಂಎಂ, ಅಂದ್ರ ಕೈಗೆ ಗೊತ್ತ ಆಗಬಾರದು. ಟಕ್ ಟಕ್ ಅಂತ ಸಪ್ಪಳ ಬಂದ್ರ ಬೇರಿಂಗ್ ಕೂಡೋ ಜಾಗ ಸವದೈತಿ ಅಂತ ತಿಳಕೋರಿ, ಕೇಸ್ ಮ್ಯಾಗ್ನೀಷಿಯಂ ಮಿಶ್ರಲೋಹದ್ದು, ಬಲ್ಲ ಲೇತ್ ಮಷಿನ್ನವರ ಕಡೆ ಕೊಟ್ಟು ಮಾಡಿಸಬೇಕು.

ಈ ಎಂಜಿನ್ ಗುಣ ಏನಂದ್ರ ಇಳಿಸೋದು ಭಾಳ ಸರಳ. ಗೇರ್ ಬಾಕ್ಸಿಗೆ ನಾಲ್ಕ ಬೋಲ್ಟು, ಆಕ್ಸಿಲರೇಟರ್ ವೈರ್, ಪೆಟ್ರೋಲ್ ಪೈಪು, ಹೀಟರ್ ವೈರು, ಕರೆಂಟ್ ವೈರು ಬಿಚ್ಚಿದ್ರ ಜಾಕ್ ಮ್ಯಾಲ ಇಳೀತದ. 1192 ಸಿಸಿ, 34 ಪಿಎಸ್. ಕಂಪ್ರೆಷನ್ 7ಕ್ಕ 1 ಇರೋದ್ರಿಂದ ಸಾದಾ ಪೆಟ್ರೋಲ್ ಸಾಕು, ಪ್ರೀಮಿಯಂ ಹಾಕಿ ರೊಕ್ಕ ಹಾಳ ಮಾಡಬ್ಯಾಡ್ರಿ.

ಗಾಳಿಲೇ ತಣ್ಣಗ ಆಗೋ ಎಂಜಿನ್ ಅಂದಮ್ಯಾಲ ಅದರ ಸುತ್ತಿನ ತಗಡು ಅಲಂಕಾರಕ್ಕ ಅಲ್ಲ. ಎಂಜಿನ್ ಸುತ್ತ ಅಂಚಿಗೆ ಒಂದು ದಪ್ಪ ರಬ್ಬರ್ ಇರ್ತೈತಿ, ಕೆಳಗಿನ ಬಿಸಿ ಗಾಳಿ ಮ್ಯಾಲ ಬರದಂಗ ತಡಿಯೋದು ಅದ. ನಮ್ಮ ಕಡೆ ಬರೋ ಗಾಡ್ಯಾಗ ಆ ರಬ್ಬರ್ ಇರೋದೇ ಇಲ್ಲ, ಎಷ್ಟೋ ತಗಡು ಕಳದಿರ್ತಾವು, ಆಮ್ಯಾಲ ಎಂಜಿನ್ ಕಾಯ್ತೈತಿ ಅಂತ ಇವರೇ ದೂರತಾರ. ಥರ್ಮೋಸ್ಟಾಟ್ (ಎಂಜಿನ್ ಬಿಸಿ ನೋಡಿ ಗಾಳಿ ದಾರಿ ತೆರೆಯೋದು) ಸುದ್ದಿನೂ ಹಂಗ, ನಮ್ಮ ಬಿಸಲಿಗೆ ಬ್ಯಾಡ ಅಂತ ಕಿತ್ತು ಒಗೀತಾರ. ಅದು ಕೆಟ್ಟರೂ ಗಾಳಿ ದಾರಿ ತೆರದೇ ಇರೋ ಹಂಗ ಮಾಡ್ಯಾರ, ಹಂಗಾಗಿ ಛಲೋ ಇದ್ರ ಬಿಡ್ರಿ, ಕಿತ್ತಿದ್ರ ಫ್ಯಾನ್ ಮನಿ ಒಳಗಿನ ಫ್ಲಾಪ್ ಪೂರಾ ತೆರದೈತಿಲ್ಲೋ ಅಷ್ಟ ನೋಡ್ರಿ. ಮೂರನೇ ಸಿಲಿಂಡರ್ ಬಗ್ಗೆ ವಿಶೇಷ ಲಕ್ಷ್ಯ ಇರಲಿ, ಎಡಗಡೆ ಮುಂದಿಂದು. ಆಯಿಲ್ ಕೂಲರ್ ಸರಿಯಾಗಿ ಅದರ ಮ್ಯಾಲ ಗಾಳಿಗೆ ಅಡ್ಡ ಕೂತಿರ್ತೈತಿ, ಅದಕ್ಕ ಅದರ ಎಕ್ಸಾಸ್ಟ್ ವಾಲ್ವ್ ಮೊದ್ಲ ಸುಡೋದು. 1971ರ ಮಾಡೆಲ್‌ನಾಗ ಕೂಲರ್ ಜಾಗ ಬದಲ ಮಾಡಿದ್ರು. ಟ್ಯಾಪೆಟ್ ಸೆಟ್ಟಿಂಗ್ ಎಂಜಿನ್ ಪೂರಾ ತಣ್ಣಗಿದ್ದಾಗ, ಮುಂಜಾನೆ ಎದ್ದು ಮಾಡೋದು.

ಆಯಿಲ್ ಎರಡೂವರೆ ಲೀಟರ್ ಅಷ್ಟ, ಫಿಲ್ಟರ್ ಇಲ್ಲ, ಕೆಳಗ ಒಂದು ಜಾಳಿಗಿ. ಹಂಗಾಗಿ 5000 ಕಿಲೋಮೀಟರಿಗೆ ಬದಲಿ ಮಾಡೋದು ತಪ್ಪಿಸಬಾರದು, ಜಾಳಿಗಿ ತೊಳೀಬೇಕು.

ಇನ್ನ ಜೀವಕ್ಕ ಸಂಬಂಧಪಟ್ಟ ಮಾತು. ಈಗ ಬಂಕಿನ್ಯಾಗ ಸಿಗೋದು ಶೇಕಡಾ 20 ಎಥನಾಲ್ ಕೂಡಿದ ಪೆಟ್ರೋಲು. ಹಳೇ ಬಟ್ಟಿ ಹೆಣದ ರಬ್ಬರ್ ಪೈಪು ಇದಕ್ಕ ತಡಿಯಂಗಿಲ್ಲ, ಉಬ್ಬಿ ಬಿರೀತಾವು. ಬೀಟಲ್‌ನಾಗ ಪೆಟ್ರೋಲ್ ಪಂಪು ಡಿಸ್ಟ್ರಿಬ್ಯೂಟರ್ ಮಗ್ಗಲಾಗ ಐತಿ, ಪೈಪು ಜಾರಿದ್ರ ಪೆಟ್ರೋಲು ಬೀಳೋದು ಕಿಡಿ ಇರೋ ಕಡೆನ. ಎಂಜಿನ್ ಕೇಸ್ ಮ್ಯಾಗ್ನೀಷಿಯಂ ಅಂದೆನಲ್ರಿ, ಹತ್ತಿದ್ರ ಆರಿಸಾಕ ಆಗಂಗಿಲ್ಲ. ಎಥನಾಲ್ ತಡಿಯೋ ಪೈಪ್ ಹಾಕ್ರಿ, ಟ್ಯಾಂಕಿನಿಂದ ಕಾರ್ಬೊರೇಟರ್ ತನಕ ಎಲ್ಲಾ ತುಂಡೂ. ಬಿಳಿ ಪ್ಲಾಸ್ಟಿಕ್ ಫಿಲ್ಟರ್ ಎಂಜಿನ್ ಮ್ಯಾಲ ತೂಗಬಿಡೋದು ಎಲ್ಲಾರೂ ಮಾಡ್ತಾರ, ಅದು ಬ್ಯಾಡ, ಮುಂದ ಟ್ಯಾಂಕ್ ಕೆಳಗ ಹಾಕ್ರಿ. ಕಾರ್ಬೊರೇಟರ್ ಮುಚ್ಚಳದಾಗಿನ ಹಿತ್ತಾಳಿ ನಳಿಗಿ ಕೈಲೆ ತಿರುವಿ ನೋಡ್ರಿ, ಸಡಲಾಗಿದ್ರ ಅದನ್ನ ಮೊದ್ಲ ಭದ್ರ ಮಾಡಿಸ್ರಿ. ಡ್ರೈವರ್ ಕೈಗೆ ಎಟಕೋ ಹಂಗ ಒಂದು ಬೆಂಕಿ ಆರಿಸೋ ಸಿಲಿಂಡರ್ ಇರಲಿ. ನೀವು ಮ್ಯೂಸಿಕ್ ಸಿಸ್ಟಮ್ ಅಂದ್ರಿ, ಅದಕ್ಕಿಂತ ಮೊದ್ಲ ಇದು.

6 ವೋಲ್ಟು 12 ವೋಲ್ಟು ಅಂದ್ರ ನನ್ನ ಮತ 12. ಡೈನಮೋ, ಕಟೌಟ್ (ಬ್ಯಾಟರಿ ಚಾರ್ಜ್ ಹತೋಟಿ ಮಾಡೋದು), ಕಾಯಿಲ್, ಎಲ್ಲಾ ಬಲ್ಬು, ಹಾರ್ನು, ಫ್ಲ್ಯಾಷರ್ ಬದಲಿ ಆಗ್ತಾವು, ವೈಪರ್ ಮೋಟರಿಗೆ ರೆಸಿಸ್ಟರ್ ಬೇಕು. ಸೆಲ್ಫ್ 6 ವೋಲ್ಟಿಂದೇ ಇದ್ರೂ ಓಡ್ತೈತಿ, ಭಾಳ ಹೊತ್ತು ಹಿಡಿಬಾರದು ಅಷ್ಟ. ಬ್ಯಾಟರಿ ಯಾವ ಊರಾಗೂ ಸಿಗ್ತೈತಿ.

ಏರ್‌ಕೂಲ್ಡ್_ಬಸವನಗುಡಿ ಬರೆದದ್ದು:

ಹುಬ್ಬಳ್ಳಿ ಅಣ್ಣಾವ್ರ ಎಲ್ಲಾ ಮಾತಿಗೂ ಕೈ ಮುಗೀತೀನಿ, 6 ವೋಲ್ಟ್ ಮಾತು ಒಂದು ಬಿಟ್ಟು. 6 ವೋಲ್ಟಲ್ಲಿ ಲೈಟ್ ಮಂಕು, ಸೆಲ್ಫ್ ಸೋಮಾರಿ ಅಂತ ಎಲ್ರೂ ಹೇಳ್ತಾರೆ, ಅದಕ್ಕೆ ಕಾರಣ ವೋಲ್ಟೇಜಲ್ಲ, ಅರವತ್ತು ವರ್ಷದ ತುಕ್ಕು ಹಿಡಿದ ಅರ್ಥಿಂಗು, ಫ್ಯೂಸ್ ಹಿಡಿಯೋ ಕ್ಲಿಪ್ಪು, ಸಣ್ಣ ಆಗಿಹೋದ ಬ್ಯಾಟರಿ ಕೇಬಲ್ಲು. 6 ವೋಲ್ಟಲ್ಲಿ ಅದೇ ಕೆಲಸಕ್ಕೆ ಎರಡರಷ್ಟು ಕರೆಂಟ್ ಹರೀಬೇಕು, ಹಂಗಾಗಿ ಪ್ರತಿ ಜಾಯಿಂಟೂ ಹೊಳೀತಾ ಇರ್ಬೇಕು. ದಪ್ಪ ಕೇಬಲ್ ಹಾಕಿ, ಗೇರ್‌ಬಾಕ್ಸಿಂದ ಬಾಡಿಗೆ ಬರೋ ಅರ್ಥ್ ಪಟ್ಟಿ ಹೊಸದು ಹಾಕಿ, ಹೆಡ್‌ಲೈಟಿಗೆ ರಿಲೇ ಕೊಡಿ, ಆಮೇಲೆ ನೋಡಿ. ಬ್ಯಾಟರಿ ಸಿಗಲ್ಲ ಅನ್ನೋದು ಮಾತ್ರ ನಿಜ, ಆರ್ಡರ್ ಕೊಟ್ಟು ಕಾಯ್ಬೇಕು. ರಾತ್ರಿ ಘಾಟಿಲಿ ಓಡಿಸೋರಿಗೆ 12, ಹಗಲು ಓಡಿಸೋರಿಗೆ 6, ಇದು ನನ್ನ ಅಭಿಪ್ರಾಯ. 12 ಮಾಡಿದ್ರೂ 6ರ ಡೈನಮೋ ಕಟೌಟ್ ಮಾರ್ಬೇಡಿ, ಡಬ್ಬದಲ್ಲಿಡಿ. ಫ್ಲೈವೀಲ್ ಮಾತ್ರ ಬದಲಾಯಿಸೋಕೆ ಹೋಗ್ಬೇಡಿ, 6 ವೋಲ್ಟಿಂದು 109 ಹಲ್ಲು, 12 ವೋಲ್ಟಿಂದು 130 ಹಲ್ಲು, ದೊಡ್ಡದು ಕೂರ್ಬೇಕಂದ್ರೆ ಗೇರ್‌ಬಾಕ್ಸ್ ಒಳಗೆ ಉಜ್ಜಬೇಕಾಗತ್ತೆ.

ತೋಟದಮನೆ_ಮೈಸೂರು ಬರೆದದ್ದು:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಇಬ್ರಿಗೂ ತುಂಬಾ ಥ್ಯಾಂಕ್ಸ್. ನಂಬರ್ 115ರಿಂದಲೇ ಶುರು ಆಗತ್ತೆ. ಹ್ಯಾಂಡ್‌ಬ್ರೇಕ್ ಅಕ್ಕಪಕ್ಕ ಎರಡು ಸಣ್ಣ ಲಿವರ್ ಇದೆ, ಹೀಟರಿಂದು ಅನ್ಸತ್ತೆ. ಮುಂದೆ ಡಿಕ್ಕಿ ತೆಗ್ದು ಪೆಟ್ರೋಲ್ ಟ್ಯಾಂಕ್ ಎತ್ತಿ ನೋಡಿದೆ, ಕೆಳಗೆ ಪೂರ್ತಿ ನೀಲಿ, ಸಮುದ್ರದ ಥರ ಗಾಢ ನೀಲಿ, ಅಷ್ಟು ಚೆಂದ ಇದೆ. ಈಗ ಮ್ಯಾಟ್ ಬ್ಲ್ಯಾಕ್ ಬಗ್ಗೆ ನಂಗೇ ಗೊಂದಲ ಆಗ್ತಿದೆ. ಆರ್‌ಸಿ ದೊಡ್ಡಪ್ಪನ ಹೆಸರಲ್ಲೇ ಇದೆ, ಅದು ಲ್ಯಾಪ್ಸ್ ಆಗಿದೆ. ಅಲಾಯ್ ಮತ್ತೆ ಕೆಳಗಿಳಿಸೋ ವಿಷ್ಯ ಯಾರಾದ್ರೂ ಹೇಳಿ.

ಸ್ಟುಟ್‌ಗಾರ್ಟ್_ಕನ್ನಡಿಗ ಬರೆದದ್ದು:

ಆ ಎರಡು ಲಿವರ್ 65ರ ಮಾಡೆಲ್ಲಿಂದಾನೇ ಬಂದಿದ್ದು, ಅದಕ್ಕೆ ಮುಂಚೆ ತಿರುಗಿಸೋ ಗುಂಡಿ ಇತ್ತು, ಹಂಗಾಗಿ ನಿಮ್ಮ ಗಾಡಿ ಹೇಳ್ತಿರೋದು ನಿಜಾನೇ. ಆ ಬಣ್ಣ ಬಹುಶಃ ಎಲ್360, ಸೀ ಬ್ಲೂ, ಆ ವರ್ಷಗಳಲ್ಲಿ ಬರ್ತಾ ಇತ್ತು. ಅಂದಾಜಲ್ಲಿ ಇರ್ಬೇಡಿ, ವೋಲ್ಫ್ಸ್‌ಬುರ್ಗ್‌ನಲ್ಲಿರೋ ಫೋಕ್ಸ್‌ವ್ಯಾಗನ್ ಆಟೋಮ್ಯೂಸಿಯಂಗೆ ಚಾಸಿ ನಂಬರ್ ಕಳಿಸಿ ಶುಲ್ಕ ಕಟ್ಟಿದ್ರೆ ಗಾಡಿ ತಯಾರಾದ ತಾರೀಕು, ಮೂಲ ಬಣ್ಣ, ಯಾವ ದೇಶಕ್ಕೆ ಹೋಯ್ತು ಅಂತ ಸರ್ಟಿಫಿಕೇಟ್ ಕೊಡ್ತಾರೆ. 2003 ಜುಲೈ 30ಕ್ಕೆ ಮೆಕ್ಸಿಕೋದ ಪ್ಯುಯೆಬ್ಲಾದಲ್ಲಿ ಕೊನೇ ಗಾಡಿ ಹೊರಬರೋ ಹೊತ್ತಿಗೆ ಒಟ್ಟು 2,15,29,464 ಬೀಟಲ್ ತಯಾರಾಗಿದ್ವು, ಅಷ್ಟರಲ್ಲಿ ನಿಮ್ಮದೊಂದು ಎಂದು ಹುಟ್ಟಿ ಚಿಕ್ಕಮಗಳೂರಿಗೆ ಹೆಂಗೆ ಬಂತು ಅನ್ನೋ ಕಾಗದ ಮನೇಲಿರೋದು ದೊಡ್ಡ ವಿಷ್ಯ.

ಇಲ್ಲಿ ಜರ್ಮನಿಲಿ 30 ವರ್ಷ ದಾಟಿದ ಗಾಡಿಗೆ ನಂಬರ್ ಪ್ಲೇಟಿನ ಕೊನೇಲಿ ಎಚ್ ಅಕ್ಷರ ಕೊಡ್ತಾರೆ, 1997ರಿಂದ ಇದೆ, ಕಾರಿಗೆ ವರ್ಷಕ್ಕೆ 191.73 ಯೂರೋ ಒಂದೇ ತೆರಿಗೆ, ಎಂಜಿನ್ ಎಷ್ಟು ದೊಡ್ಡದಿದ್ರೂ. ಆದ್ರೆ ಪರೀಕ್ಷೆ ಮಾಡೋ ಇಂಜಿನಿಯರ್ ಪ್ರತಿಯೊಂದೂ ನೋಡ್ತಾರೆ. ಆ ಕಾಲದಲ್ಲಿ ಜನ ಹಾಕಿಸ್ಕೊಳ್ತಿದ್ದ ಸಾಮಾನು ಹಾಕಿದ್ರೆ ಓಕೆ, 17 ಇಂಚು ಅಲಾಯ್ ಹಾಕಿದ್ರೆ ಎಚ್ ಇಲ್ಲ. ನನಗೆ ಈ ನಿಯಮ ತುಂಬಾ ಇಷ್ಟ, ಇದರಿಂದ ಇಲ್ಲಿ ಕಸ್ಟಮ್ ಮಾಡೋರೂ ಇತಿಹಾಸ ಓದ್ತಾರೆ. 50ರ ದಶಕದಲ್ಲೇ ಓಕ್ರಾಸಾ ಅಂತ ಎರಡು ಕಾರ್ಬೊರೇಟರ್ ಇರೋ ಕಿಟ್ ಇತ್ತು, ಕ್ಯಾಲಿಫೋರ್ನಿಯಾದಲ್ಲಿ ಎಂಪಿ ಕಂಪ್ನಿ ಬೀಟಲ್‌ಗೋಸ್ಕರಾನೇ ಸಾಮಾನು ಮಾಡ್ತಿತ್ತು, ಅಂಥದ್ದು ಹಾಕಿದ ಗಾಡಿ ನೋಡಿದ್ರೆ ಗೌರವ ಬರತ್ತೆ.

ನಿಮ್ಮ ಗಾಡಿಗೆ ನಾನಾಗಿದ್ರೆ ಏನು ಹಾಕ್ತಿದ್ದೆ ಹೇಳ್ಲಾ? ಚಕ್ರ ಅದೇ 15 ಇಂಚು, 4 ಇಂಚು ಅಗಲದ್ದು, ಬಾಡಿ ಬಣ್ಣಕ್ಕೆ ಹೊಂದೋ ಪೇಂಟು, ಸುತ್ತ ಒಂದು ಸ್ಟೀಲಿನ ಹೊಳೆಯೋ ರಿಂಗು, ಮಧ್ಯದಲ್ಲಿ ಮೂಲದ ಕ್ರೋಮ್ ಕ್ಯಾಪು. 165 ಆರ್15 ರೇಡಿಯಲ್ ಟೈರು, ಗಾಳಿ ಮುಂದೆ 18 ಹಿಂದೆ 27 ಪಿಎಸ್‌ಐ, ಪಂಕ್ಚರ್ ಅಂಗಡಿಯೋರು ನಾಲ್ಕಕ್ಕೂ 30 ತುಂಬಿಬಿಡ್ತಾರೆ, ನಿಂತು ನೋಡ್ಕೊಳ್ಳಿ, ಎಂಜಿನ್ ಹಿಂದೆ ಇರೋ ಗಾಡಿಗೆ ಮುಂದಿನ ಚಕ್ರ ಗಟ್ಟಿಯಾದ್ರೆ ಸ್ಟೇರಿಂಗ್ ತೇಲತ್ತೆ. ಅಲಾಯ್ ಬೇಕೇ ಬೇಕಂದ್ರೆ ಒಂದು ಗೊತ್ತಿರ್ಲಿ, ಬೀಟಲ್‌ದು ಐದು ಬೋಲ್ಟು 205 ಎಂಎಂ ವೃತ್ತದ ಮೇಲಿದೆ, ಇವತ್ತಿನ ಮಾಮೂಲಿ ಕಾರುಗಳ ಅಲಾಯ್ ನೇರ ಕೂರಲ್ಲ, ಅಡಾಪ್ಟರ್ ಹಾಕಿದ್ರೆ ಚಕ್ರ ಹೊರಗೆ ಬಂದು ಮಡ್‌ಗಾರ್ಡಿಗೆ ಉಜ್ಜತ್ತೆ.

ಡ್ಯಾಶ್ ಕೆಳಗೆ ಬೆತ್ತದ ಟ್ರೇ ಬರ್ತಿತ್ತು, ಆ ಕಾಲದ ಅಕ್ಸೆಸರಿ, ಬೆತ್ತ ಹೆಣೆಯೋ ಕೈ ನಮ್ಮೂರುಗಳಲ್ಲೇ ಇದೆ, ಅಳತೆ ಕೊಟ್ಟು ಹೆಣೆಸ್ಬಹುದು. ಪಿಂಗಾಣಿದು ಸಣ್ಣ ಹೂದಾನಿ ಡ್ಯಾಶಿಗೆ ಸಿಗಿಸೋದು, ಮೇಲೆ ಮರದ ಪಟ್ಟಿ ಇರೋ ಕ್ಯಾರಿಯರ್ರು. ಇವೆಲ್ಲಕ್ಕಿಂತ ನನಗೆ ಪ್ರೀತಿ ಹಾಜೆಟ್ ಕಂಪ್ನಿಯ ಗುಂಡಗಿನ ಟೂಲ್ ಬಾಕ್ಸು, ಸ್ಟೆಪ್ನಿಯ ಮಧ್ಯದ ಗುಂಡಿಯೊಳಗೆ ಸರಿಯಾಗಿ ಕೂರತ್ತೆ, ಪಾನಾ ಸ್ಕ್ರೂಡ್ರೈವರ್ ಒಂದೊಂದಕ್ಕೂ ಅದರದ್ದೇ ಜಾಗ. ಮೂಲದ್ದು ಸಿಕ್ಕಾಪಟ್ಟೆ ದುಬಾರಿ, ಆದ್ರೆ ಮೇ 1ಕ್ಕೆ ಹ್ಯಾನೋವರಲ್ಲಿ ಬೀಟಲ್ ಜಾತ್ರೆ ಆಗತ್ತೆ, ಮನ್‌ಹೈಮ್‌ನಲ್ಲಿ ವೆಟರಾಮಾ ಅಂತ ಹಳೇ ಸಾಮಾನಿನ ದೊಡ್ಡ ಸಂತೆ ನಡೆಯತ್ತೆ, ಅಲ್ಲಿ ಹುಡುಕ್ತಾ ಇರ್ತೀನಿ. ಮ್ಯೂಸಿಕ್ಕಿಗೆ ಹಳೇ ಬ್ಲೌಪುಂಕ್ಟ್ ರೇಡಿಯೋ ಹಾಕಿ ಒಳಗೆ ಬ್ಲೂಟೂತ್ ಬೋರ್ಡ್ ಕೂರಿಸ್ಕೊಡೋರಿದಾರೆ, ಗುಂಡಿ ಅದೇ, ಡ್ಯಾಶ್ ಕೊರೆಯೋ ಹಾಗಿಲ್ಲ. ಏಸಿ ಬೇಡ ಸಾರ್, 34 ಪಿಎಸ್‌ನಲ್ಲಿ ಕಂಪ್ರೆಸರ್‌ಗೆ ಕೊಟ್ಟು ಮಡಿಕೇರಿ ಹತ್ತೋಕೆ ಏನು ಉಳಿಯತ್ತೆ? ಮುಂದಿನ ತ್ರಿಕೋನದ ಗ್ಲಾಸು ತಿರುಗಿಸಿದ್ರೆ ಬರೋ ಗಾಳಿನೇ ಸಾಕು.

ಇನ್ನೊಂದು ಮರೀಬೇಡಿ, ಜರ್ಮನ್ ವೆಬ್‌ಸೈಟಲ್ಲಿ ಕಾಣೋದೆಲ್ಲ ಎಡಗಡೆ ಸ್ಟೇರಿಂಗ್ ಗಾಡಿಗೆ. ಪೆಡಲ್ಲು, ಸ್ಟೇರಿಂಗ್ ಬಾಕ್ಸು, ಡ್ಯಾಶಿನ ಸಾಮಾನು, ವೈಪರ್ ಸೆಟ್ಟು ಬೇಕಾದ್ರೆ ಇಂಗ್ಲೆಂಡ್, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾದ ಅಂಗಡಿ ನೋಡಿ. ಹೆಡ್‌ಲೈಟ್ ಗ್ಲಾಸೂ ಅಷ್ಟೇ, ಇಲ್ಲಿಂದು ಹಾಕಿದ್ರೆ ಡಿಮ್ ಮಾಡಿದಾಗ ಬೆಳಕು ಎದುರು ಬರೋರ ಕಣ್ಣಿಗೆ ಹೊಡೆಯತ್ತೆ. ಡಿಸೆಂಬರಲ್ಲಿ ಊರಿಗೆ ಬರ್ತೀನಿ, ಬಾಗಿಲು ಕಿಟಕಿ ರಬ್ಬರ್ ಸೆಟ್ ಬೇಕಿದ್ರೆ ತರ್ತೀನಿ, ಹೊಸದು ಮಾತ್ರ. ಪೆಟ್ರೋಲ್ ವಾಸನೆ ಇರೋ ಹಳೇ ಕಾರ್ಬೊರೇಟರ್ ವಿಮಾನಕ್ಕೆ ಹತ್ತಿಸಲ್ಲ.

ಕಡಲೂರ_ಮಂಗಳೂರು ಬರೆದದ್ದು:

ನಮ್ಮನೆಯಲ್ಲಿ 1970ರ ಮರ್ಸಿಡಿಸ್ 220ಡಿ ಉಂಟು, ಅಪ್ಪನದ್ದು, ಕಾಗದ ಪತ್ರದ ಕೆಲಸ ಎಲ್ಲ ನಾನೇ ನೋಡಿದ್ದು, ಹಾಗಾಗಿ ಆ ವಿಷಯ ಮಾತ್ರ ಹೇಳ್ತೇನೆ. ಕೆಲಸ ಶುರು ಮಾಡುವ ಮೊದಲೇ ಆರ್‌ಸಿ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ತೀರಿಕೊಂಡವರ ಗಾಡಿ ವಾರಸುದಾರರಿಗೆ ಬರುವುದು ಫಾರಂ 31ರಲ್ಲಿ, ನಿಮ್ಮ ಅಣ್ಣನವರೇ ಮಗ ಅಲ್ವಾ, ಮೊದಲು ಅವರ ಹೆಸರಿಗೆ ಬಂದು ಆಮೇಲೆ ನಿಮಗೆ ವರ್ಗ ಆಗ್ಬೇಕು. ವಂಶವೃಕ್ಷ, ಮರಣ ಪತ್ರ, ಅವರ ಸಹಿ ಎಲ್ಲ ಅವರು ಊರಿಗೆ ಬಂದಾಗಲೇ ಮುಗಿಸಿ.

ಆಮೇಲೆ ನಿಮಗೆ ಎರಡು ದಾರಿ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ತಂದಿತು. 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ, ಆಮೇಲೆ ಮರುನೋಂದಣಿಗೆ 5,000. ಹೊಸದಾಗಿ ಮಾಡಿಸಿದವರಿಗೆ ವಿಎ ಅಂತ ನಂಬರ್ ಬರ್ತದೆ, ಆದ್ರೆ ಮೊದಲೇ ನೋಂದಣಿ ಆದ ಗಾಡಿಗೆ ಹಳೇ ನಂಬರ್ ಉಳಿಸಿಕೊಳ್ಳಬಹುದು, ನಿಮ್ಮ ಎಂವೈ ಪ್ಲೇಟು ಹೋಗುವುದಿಲ್ಲ. ತೊಂದರೆ ಏನಂದ್ರೆ ಅದರಲ್ಲಿ ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸುವುದು ಅಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು, ಸಂಸಾರ ಸಮೇತ ಮಡಿಕೇರಿ ಪ್ರವಾಸಕ್ಕೆ ಅದು ಸರಿ ಹೋಗುವುದಿಲ್ಲ. ಇನ್ನೊಂದು ದಾರಿ ಮಾಮೂಲಿ ರಿನ್ಯೂವಲ್, ಫಿಟ್ನೆಸ್ ಮಾಡಿಸಿ ಐದೈದು ವರ್ಷಕ್ಕೆ. ಇಲ್ಲಿ ಒಂದು ಎಚ್ಚರ, 2025 ಆಗಸ್ಟಲ್ಲಿ 20 ವರ್ಷ ದಾಟಿದ ಗಾಡಿಗಳ ರಿನ್ಯೂವಲ್ ಶುಲ್ಕ ಹೆಚ್ಚು ಮಾಡಿದ್ರು, ಮಾಮೂಲಿ ಕಾರಿಗೆ 10,000, ಇಂಪೋರ್ಟೆಡ್ ನಾಲ್ಕು ಚಕ್ರದ್ದಕ್ಕೆ 80,000. ನಿಮ್ಮ ಆರ್‌ಸಿಯಲ್ಲಿ ಗಾಡಿ ಯಾವ ವರ್ಗದಲ್ಲಿ ದಾಖಲಾಗಿದೆ ಅಂತ ಆರ್‌ಟಿಓದಲ್ಲಿ ಮೊದಲು ಕೇಳಿ, ಬಜೆಟ್ ಆಮೇಲೆ ಹಾಕಿ.

ಕೆಳಗಿಳಿಸುವುದು, ಅಲಾಯ್ ಇದೆಲ್ಲ ಯೋಚಿಸುವ ಮೊದಲು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಓದಿ. ತಯಾರಕರು ಮಾಡಿದ ಮೂಲ ಸ್ಪೆಸಿಫಿಕೇಷನ್ ಬದಲಿಸಬಾರದು ಅಂತ 2019 ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಬಣ್ಣ ಬದಲಿಸಿದ್ರೂ ಆರ್‌ಸಿಯಲ್ಲಿ ತಿದ್ದಿಸಬೇಕು. ಈಗ ಮೆರೂನ್ ಉಂಟಲ್ಲ, ಆರ್‌ಸಿಯಲ್ಲಿ ಯಾವ ಬಣ್ಣ ಅಂತ ಬರೆದಿದೆ ನೋಡಿದ್ರಾ? ನೀಲಿ ಅಂತಲೇ ಇದ್ರೆ ನಿಮ್ಮ ಕೆಲಸ ಸುಲಭ ಆಯ್ತು.

ತೋಟದಮನೆ_ಮೈಸೂರು ಬರೆದದ್ದು:

ಮೇಡಂ, ಈಗ ತೆಗೆದು ನೋಡಿದೆ, ಬ್ಲೂ ಅಂತಾನೇ ಇದೆ! ಹಾಗಿದ್ರೆ ನೀಲಿನೇ. ಮ್ಯಾಟ್ ಬ್ಲ್ಯಾಕ್, ಅಲಾಯ್, ಏಸಿ ಮೂರೂ ಬಿಟ್ಟೆ. ಬೆತ್ತದ ಟ್ರೇ ಮಾತ್ರ ಖಂಡಿತ ಮಾಡಿಸ್ತೀನಿ, ಸ್ಟುಟ್‌ಗಾರ್ಟ್ ಸಾರ್ ಅಳತೆ ಸಿಕ್ಕಿದ್ರೆ ಹಾಕಿ. 12 ವೋಲ್ಟೇ ಮಾಡಿಸೋಣ ಅಂತಿದೀನಿ, ಹಳೇದು ಡಬ್ಬದಲ್ಲಿಡ್ತೀನಿ. ಮುಂದಿನ ವಾರ ಬ್ರೇಕ್ ಬಿಚ್ತಾ ಇದೀವಿ, ಹಿಂದಿನ ಡ್ರಮ್ ಬರ್ತಾನೇ ಇಲ್ಲ, ಮಧ್ಯದ ದೊಡ್ಡ ನಟ್ಟು ಅಲ್ಲಾಡ್ತಿಲ್ಲ. ಮೆಕ್ಯಾನಿಕ್ ಉಳಿ ಇಟ್ಟು ಸುತ್ತಿಗೇಲಿ ಹೊಡೀತೀನಿ ಅಂತಾನೆ, ಬಿಡ್ಲಾ?

ಹುಬ್ಬಳ್ಳಿ_ಗ್ಯಾರೇಜು ಬರೆದದ್ದು:

ಉಳಿ ಬ್ಯಾಡ್ರೀ! ಅದು 36ರ ನಟ್ಟು, ಬಿಗಿ 300 ನ್ಯೂಟನ್ ಮೀಟರ್ ಇರ್ತೈತಿ, ಅರ್ಧ ಇಂಚಿನ ಸಣ್ಣ ಹ್ಯಾಂಡಲ್‌ಗೆ ಬರಂಗಿಲ್ಲ. ಮುಕ್ಕಾಲ ಇಂಚ್ ಡ್ರೈವಿಂದು ಸಾಕೆಟ್ ತರ್ರಿ, ಲಾರಿ ಗ್ಯಾರೇಜಿನ್ಯಾಗ ಸಿಗ್ತೈತಿ. ಮೊದ್ಲ ನಟ್ಟು ಸಡಲದಂಗ ಅದರೊಳಗ ಹಾಕಿರೋ ಕಾಟರ್ ಪಿನ್ ಪೂರಾ ತಗೀರಿ, ತುಂಡಾದದ್ದು ಒಳಗ ಉಳದಿದ್ರ ಡ್ರಿಲ್ ಹಾಕ್ರಿ. ಗಾಡಿ ಚಕ್ರದ ಮ್ಯಾಲ ನಿಂತಿರಬೇಕು, ಜಾಕ್ ಮ್ಯಾಲ ಇದ್ದಾಗ ಎಳದ್ರ ಗಾಡಿ ಕೆಳಗ ಬೀಳ್ತೈತಿ. ಗೇರಿಗೆ ಹಾಕಿ, ಮುಂದಿನ ಚಕ್ರಕ್ಕ ಕಲ್ಲು ಕೊಟ್ಟು, ಹ್ಯಾಂಡಲಿಗೆ ಉದ್ದನ ಪೈಪ್ ಸೇರಿಸಿ ನಿಧಾನ ಭಾರ ಹಾಕ್ರಿ. ಹಿಂದಿನ ದಿನಾನೇ ತುಕ್ಕು ಬಿಡಿಸೋ ಆಯಿಲ್ ಬಿಟ್ಟಿರ್ರಿ.

ಡ್ರಮ್ ತಗದಮ್ಯಾಲ ಒಳಗಿನ ಧೂಳ ಗಾಳಿ ಹೊಡದು ಹಾರಸಬ್ಯಾಡ್ರಿ, ಹಳೇ ಲೈನಿಂಗ್ ಅಂದ್ರ ಕಲ್ನಾರು, ಎದಿಗೆ ಹೋಗ್ತೈತಿ. ಒದ್ದಿ ಬಟ್ಟಿಲೇ ಒರಸ್ರಿ, ಮಾಸ್ಕ್ ಹಾಕ್ರಿ. ವೀಲ್ ಸಿಲಿಂಡರ್, ಹೋಸ್ ಪೈಪು ಎಲ್ಲಾ ಹೊಸಾವು ಹಾಕ್ರಿ, ರಬ್ಬರ್ ಕಿಟ್ ಮಾತ್ರ ಬದಲಿ ಮಾಡಿ ರೊಕ್ಕ ಉಳಸಾಕ ಹೋಗಬ್ಯಾಡ್ರಿ. 65ರ ಗಾಡ್ಯಾಗ ಬ್ರೇಕ್ ಒಂದೇ ಲೈನು, ಒಂದು ಕಡೆ ಸೋರಿದ್ರ ನಾಲ್ಕೂ ಹೋಗ್ತಾವು. ಎರಡು ಲೈನಿನ ಮಾಸ್ಟರ್ ಸಿಲಿಂಡರ್ ಹಾಕೋ ದಾರಿ ಐತಿ, ಬಲಗಡೆ ಸ್ಟೇರಿಂಗ್ ಗಾಡಿಗೆ ಹೊಂದೋದು ನೋಡಿ ತರಸ್ರಿ, ಆದ್ರ ಮೂಲ ಸ್ಪೆಸಿಫಿಕೇಷನ್ ವಿಷಯ ಮಂಗಳೂರು ಮೇಡಮ್ಮಾರು ಹೇಳ್ಯಾರಲ್ರಿ, ಹಾಕೋಕ್ಕಿಂತ ಮೊದ್ಲ ಆರ್‌ಟಿಓದಾಗ ಒಂದು ಮಾತು ಕೇಳ್ರಿ. ತಿರುಗಿ ಹಾಕೋವಾಗ ಆ 36ರ ನಟ್ಟು ಅಷ್ಟೇ ಬಿಗಿ ಆಗಬೇಕು, ಸಡಲಿದ್ರ ಡ್ರಮ್ಮಿನ ಒಳಗಿನ ಹಲ್ಲು ಸವದು ಚಕ್ರ ತಿರುಗೋದ ನಿಲ್ತೈತಿ. ಕಾಟರ್ ಪಿನ್ ಹೊಸಾದು, ಹಳೇದು ಮತ್ತ ಹಾಕಬ್ಯಾಡ್ರಿ. ಬಿಚ್ಚಿದಮ್ಯಾಲ ಫೋಟೋ ಹಾಕ್ರಿ, ಶೂ ಎಷ್ಟು ಉಳದೈತಿ ನೋಡಿ ಹೇಳ್ತೀನಿ.